ಆಯಿ ಹತ್ರ ಹೇಳಡ

ಡಿಸೆಂಬರ್ ಇಪ್ಪತ್ತು ದಾಟ್ತು ಅಂದ್ರೆ ನಮ್ಮ ಮೆಡಿಕಲ್ ಶಾಪಿನ ವ್ಯಾಪಾರಾನೇ ಬೇರೆ ಆಗ್ತದೆ. ಕುಮಟಾದಲ್ಲಿ ಹೈವೇ ಪಕ್ಕ ಅಂಗಡಿ, ಗೋಕರ್ಣಕ್ಕೆ ಹೋಗೋ ಕಾರು ಬೈಕು ಎಲ್ಲ ಒಂದ್ಸಲ ನಿಲ್ತವೆ. ಬಿಪಿ ಶುಗರ್ ಮಾತ್ರೆ ತಗೊಳ್ಳೋ ನಮ್ಮ ಮಾಮೂಲಿ ಅಜ್ಜ ಅಜ್ಜಿಯರ ಮಧ್ಯೆ ಇಪ್ಪತ್ತು ಇಪ್ಪತ್ತೆರಡರ ಹುಡುಗ್ರು ಬರ್ತಾರೆ, ಒಆರ್‌ಎಸ್ ನಾಲ್ಕು ಪ್ಯಾಕೆಟ್, ಚೂಯಿಂಗ್ ಗಮ್, ಕಣ್ಣು ಕೆಂಪಾದ್ರೆ ಹಾಕೋ ಡ್ರಾಪ್ಸ್. ಬೇರೆ ಬೇರೆಯಾಗಿ ನೋಡಿದ್ರೆ ಅದ್ರಲ್ಲಿ ಎಂತದೂ ಇಲ್ಲ. ಆದ್ರೆ ಹತ್ತು ವರ್ಷ ಕೌಂಟರಲ್ಲಿ ನಿಂತವಳಿಗೆ ಮೂರೂ ಒಟ್ಟಿಗೆ ಬಂದ್ರೆ ಗೊತ್ತಾಗ್ತದೆ. ಎಂಡಿಎಂಎ, ಅಂದ್ರೆ ಎಕ್ಸ್ಟಸಿ ಅನ್ನೋ ಪಾರ್ಟಿ ಡ್ರಗ್, ತಗೊಂಡವರಿಗೆ ದವಡೆ ಬಿಗಿ ಹಿಡೀತದೆ, ಹಲ್ಲು ಕಚ್ತಾನೇ ಇರ್ತಾರೆ, ಅದಕ್ಕೆ ಗಮ್. ಬೆವರು ಸುರೀತದೆ, ಅದಕ್ಕೆ ಒಆರ್‌ಎಸ್. ಗಾಂಜಾ ಸೇದಿದ್ರೆ ಕಣ್ಣು ಕೆಂಪು, ಮನೆಗೆ ವಿಡಿಯೋ ಕಾಲ್ ಮಾಡೋಕೆ ಮುಂಚೆ ಡ್ರಾಪ್ಸ್. ಕೊನೇಲಿ ದನಿ ಸಣ್ಣ ಮಾಡಿ ಒಬ್ಬ ಕೇಳ್ತಾನೆ, ಆಲ್‌ಪ್ರಾಕ್ಸ್ ಇದ್ಯಾ ಮೇಡಂ, ಚೀಟಿ ಇಲ್ಲ, ಒಂದೇ ಸ್ಟ್ರಿಪ್. ಬೆಳಿಗ್ಗೆ ಇಳಿಯೋವಾಗ ನಿದ್ದೆ ಬರ್ಬೇಕಲ್ಲ, ಅದಕ್ಕೆ.

ಆಲ್‌ಪ್ರಾಕ್ಸ್ ಅಂದ್ರೆ ಆಲ್‌ಪ್ರಜೋಲಮ್, ಚೀಟಿ ಇಲ್ದೆ ನಾನು ಕೊಡಲ್ಲ, ಅದು ಎಚ್ ಒನ್ ಶೆಡ್ಯೂಲಿನ ಮಾತ್ರೆ, ಡಾಕ್ಟರ್ ಹೆಸ್ರು ಪೇಷೆಂಟ್ ಹೆಸ್ರು ಎಲ್ಲ ರಿಜಿಸ್ಟರ್‌ನಲ್ಲಿ ಬರ್ದು ಮೂರು ವರ್ಷ ಇಟ್ಕೋಬೇಕು. ಇಷ್ಟೇ ನನ್ನ ಜವಾಬ್ದಾರಿ ಅಂತ ಎರಡು ವರ್ಷದ ಹಿಂದಿನ ತನಕ ಅಂದ್ಕೊಂಡಿದ್ದೆ.

ಎರಡು ವರ್ಷದ ಹಿಂದೆ ಡಿಸೆಂಬರ್ ಕೊನೇಲಿ ಕೌಂಟರ್ ಎದ್ರಿಗೆ ಬಂದು ನಿಂತವನು ನನ್ನ ಚಿಕ್ಕಪ್ಪನ ಮಗ. ಶಿರಸಿ ಹತ್ರದ ಹಳ್ಳಿ ಅವರದ್ದು, ಅಡಿಕೆ ತೋಟ ಇದೆ, ಇಂವ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದ. ಮೂರು ಜನ ಫ್ರೆಂಡ್ಸ್ ಕರ್ಕೊಂಡು ಮನೆಗೆ ಬಂದು, ಒಂದು ದಿನ ಉಳ್ದು, ಚಿಕ್ಕಮ್ಮನ ಕೈಲಿ ಊಟ ಮಾಡಿ, ದೇವಿಮನೆ ಘಾಟಿ ಇಳ್ದು ಗೋಕರ್ಣಕ್ಕೆ ಹೊರಟಿದ್ರು. ಚಿಕ್ಕಮ್ಮ ಬಾಳೆಕಾಯಿ ಚಿಪ್ಸು, ತೊಡೆದೇವು ಎಲ್ಲ ದೊಡ್ಡ ಡಬ್ಬದಲ್ಲಿ ಕಟ್ಟಿ ಕೊಟ್ಟಿದ್ರು, ನಂಗೂ ಒಂದು ಪೊಟ್ಟಣ ಬಂತು. ಪೊಟ್ಟಣ ಕೊಟ್ಟು ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಆಮೇಲೆ ಕೇಳ್ದ, ಅಕ್ಕಾ, ಒಆರ್‌ಎಸ್ ಕೊಡು, ಗಮ್ ಕೊಡು, ಅದೂ ಒಂದು ಸ್ಟ್ರಿಪ್ ಸಿಗ್ತದಾ.

ನಂಗೆ ತಲೆ ಕೆಟ್ಟೋಯ್ತು. ಫ್ರೆಂಡ್ಸ್ ಎದ್ರಿಗೇ ಬೈದೆ. ಏನು ಬೈದೆ ಅಂತ ಪೂರ್ತಿ ನೆನಪಿಲ್ಲ, ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ, "ಎಂತಾರೂ ಮಾಡ್ಕ್ಯಂಡೆ ಹೇಳಾದ್ರೆ ನಾ ಆಯಿ ಹತ್ರ ಹೇಳ್ತಿ ನೋಡು" ಅಂದಿದ್ದೆ. ಆಯಿ ಅಂದ್ರೆ ನಮ್ಮ ಮಾತಲ್ಲಿ ಅಮ್ಮ. ಅಂವ ನಕ್ಕ, ಎಂತದೂ ಇಲ್ಲೆ ಅಕ್ಕಾ, ಸುಮ್ನೆ ಕೇಳ್ದೆ ಅಂದ. ಒಆರ್‌ಎಸ್ ಗಮ್ ತಗೊಂಡು ಹೋದ. ನಾನು ಅಂಗಡಿ ಮುಚ್ಚಿ ಮನೆಗೆ ಹೋಗಿ ಮಲಗಿದೆ, ಹೆದರಿಸಿದೀನಿ, ಇನ್ನು ಹುಷಾರಾಗಿರ್ತಾನೆ ಅನ್ನೋ ಸಮಾಧಾನದಲ್ಲಿ.

ರಾತ್ರಿ 2.40ಕ್ಕೆ ಫೋನ್. "ಅಕ್ಕಾ, ಒಬ್ಬಂವಂಗೆ ಎಂತೋ ಆಗ್ತಾ ಇದ್ದು, ಎಂತ ಮಾಡವು ಗೊತ್ತಾಗ್ತಾ ಇಲ್ಲೆ, ಆಯಿ ಹತ್ರ ಹೇಳಡ." ಮೊದಲನೇ ವಾಕ್ಯದಲ್ಲೇ ಇದು, ಅಮ್ಮನ ಹತ್ರ ಹೇಳ್ಬೇಡ ಅಂತ. ಹುಡುಗ ಸಾಯ್ತಾ ಇದ್ದ, ಇವನಿಗೆ ಆಯಿ ಹೆದ್ರಿಕೆ. ಆ ಹೆದ್ರಿಕೆ ಹಾಕಿದವಳು ನಾನು.

ಆಮೇಲೆ ಬಿಡಿಸಿ ಬಿಡಿಸಿ ಕೇಳಿದಾಗ ಗೊತ್ತಾಗಿದ್ದು ಇಷ್ಟು. ಆ ಹುಡುಗ ಬೆಂಗಳೂರಿನವನು, ಇಪ್ಪತ್ತು ವರ್ಷ, ಜೀವನದಲ್ಲಿ ಎರಡನೇ ಸಲವೋ ಮೂರನೇ ಸಲವೋ ತಗೊಳ್ತಿರೋದು. ರಾತ್ರಿ ಹತ್ತು ಗಂಟೆಗೆ ಅರ್ಧ ಮಾತ್ರೆ. ಮುಕ್ಕಾಲು ಗಂಟೆ ಕಾದ, ಏನೂ ಆಗ್ಲಿಲ್ಲ, ಇದು ಡಮ್ಮಿ ಮಾಲು ಅಂದ್ಕೊಂಡು ಇನ್ನೊಂದು ಇಡೀ ಮಾತ್ರೆ ನುಂಗಿದ, ಮೇಲಿಂದ ಬಿಯರ್. ಹನ್ನೆರಡರ ತನಕ ಭಾರೀ ಖುಷಿ, ಎಲ್ಲರನ್ನೂ ತಬ್ಬಿಕೊಂಡು ಕುಣಿದಿದಾನೆ. ಒಂದು ಗಂಟೆಗೆ ಸೆಕೆ ಸೆಕೆ ಅನ್ನೋಕೆ ಶುರು ಮಾಡ್ದ, ದವಡೆ ಗಟ್ಟಿ ಹಿಡಿದಿತ್ತು, ಏನೋ ಬಡಬಡಿಸ್ತಿದ್ದ. ಇವರು ನೀರು ಕುಡಿಸಿದ್ರು, ಬಾಟಲಿ ಮೇಲೆ ಬಾಟಲಿ, ನೀರು ಕುಡಿದ್ರೆ ಇಳೀತದೆ ಅಂತ ಯಾರೋ ಹೇಳಿದ್ರಂತೆ. ಆಮೇಲೆ ಮೈ ಸೆಟೆದು ಫಿಟ್ಸ್ ಬಂತು. ಒಂದು ಗಂಟೆಯಿಂದ 2.40ರ ತನಕ, ಪಕ್ಕದಲ್ಲಿ ಮೂರು ಜನ ಓದಿದ ಹುಡುಗ್ರು, ಮೂರು ಜನರ ಕೈಲೂ ಫೋನು, ಒಬ್ಬನೂ 108ಕ್ಕೆ ಕಾಲ್ ಮಾಡಿರ್ಲಿಲ್ಲ. ಪೊಲೀಸ್ ಬರ್ತಾರೆ, ಕಾಲೇಜಿಗೆ ಗೊತ್ತಾಗ್ತದೆ, ಮನೆಗೆ ಗೊತ್ತಾಗ್ತದೆ.

ಗೋಕರ್ಣದ ಬೀಚುಗಳ ಗುರುತಿದ್ದವರಿಗೆ ಇದು ಅರ್ಥ ಆಗ್ತದೆ. ಕುಡ್ಲೆ, ಓಂ ಬೀಚ್ ಹತ್ರದ ತನಕ ವಾಹನ ಹೋಗ್ತದೆ, ಅದರಾಚೆ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಗುಡ್ಡದ ಕಾಲುದಾರಿ, ಇಲ್ಲಾ ದೋಣಿ. ರಾತ್ರಿ ದೋಣಿ ಎಲ್ಲಿ. ಇವರು ಇದ್ದಿದ್ದು ಅಂಥ ಕಡೆಗೇ, ಯಾರೂ ಬರಲ್ಲ ಅಂತಾನೇ ಅಲ್ಲಿಗೆ ಹೋಗಿದ್ದು. ನಾನು ಫೋನಲ್ಲಿ ಹೇಳಿದ್ದು ಮೂರೇ ಮಾತು. ಮೊದ್ಲು 108ಕ್ಕೆ ಮಾಡು, ಏನು ತಗೊಂಡಿದಾನೆ ಅಂತ ಇದ್ದಿದ್ದು ಇದ್ದ ಹಾಗೆ ಹೇಳು. ಬಾಯಿಗೆ ನೀರು ಬಿಡಬೇಡಿ, ಒಂದು ಪಕ್ಕಕ್ಕೆ ಮಲಗಿಸಿ. ಅಂಗಿ ಬಿಚ್ಚಿ ಒದ್ದೆ ಟವೆಲ್ ಹಾಕಿ ಗಾಳಿ ಹೊಡೀರಿ. ಅಲ್ಲಿ ಶ್ಯಾಕ್, ಅಂದ್ರೆ ಬೀಚಿನ ಗುಡಿಸಲು ಹೋಟ್ಲು, ನಡೆಸೋ ಊರಿನ ಇಬ್ಬರು ಹುಡುಗ್ರು, ಅವರಿಗೂ ಇವರಿಗೂ ಪರಿಚಯಾನೇ ಇಲ್ಲ, ಓಡಿ ಬಂದು ಬೆಡ್‌ಶೀಟಲ್ಲಿ ಜೋಲಿ ಮಾಡಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಗುಡ್ಡ ಹತ್ತಿಸಿ ರಸ್ತೆಗೆ ತಂದ್ರು. ನಲವತ್ತು ನಿಮಿಷ ಹಿಡೀತು. ಅವರಿಬ್ಬರ ಋಣ ಆ ಹುಡುಗನ ಮನೆಯವರು ಇವತ್ತಿಗೂ ನೆನೀತಾರೆ.

ಆಮೇಲಿನದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ. ಮೊದಲು ಹತ್ರದ್ದು, ಅಲ್ಲಿ ಡ್ರಿಪ್ ಹಾಕಿ ಫಿಟ್ಸ್ ನಿಲ್ಲಿಸಿ ಮುಂದೆ ಕಳಿಸಿದ್ರು, ಅಲ್ಲಿಂದ ಹೈವೇ ಹಿಡ್ದು ದಕ್ಷಿಣಕ್ಕೆ ಎರಡೂವರೆ ಗಂಟೆ. ನಾನು ಆಂಬುಲೆನ್ಸ್ ಹಿಂದೆ ಅಣ್ಣನ ಕಾರಲ್ಲಿ. ಐಸಿಯುನಲ್ಲಿ ಡಾಕ್ಟರು ನನ್ನ ತಮ್ಮನನ್ನ ಪಕ್ಕಕ್ಕೆ ಕರೆದು ಕೇಳಿದ್ರು, ಏನು ತಗೊಂಡಿದ್ದ. ಇಂವ ನೆಲ ನೋಡ್ತಾ ನಿಂತ. ಅವರು ಗದರಿಸ್ಲಿಲ್ಲ, ನೀನು ಹೇಳಿದಷ್ಟು ಬೇಗ ನಂಗೆ ದಾರಿ ಸಿಗ್ತದೆ ಮಗಾ ಅಂದ್ರು. ಜೇಬಿಂದ ಒಂದು ಸಣ್ಣ ಜಿಪ್ ಕವರ್ ತೆಗೆದು ಕೊಟ್ಟ, ಅದ್ರಲ್ಲಿ ಅರ್ಧ ಮಾತ್ರೆ ಉಳಿದಿತ್ತು.

ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆದ್ರೆ ಅದು ಜ್ವರ ಅಲ್ಲ, ಅದನ್ನೇ ನಾನು ಬಿಡಿಸಿ ಹೇಳ್ಬೇಕು ಅಂತ ಇದನ್ನ ಬರೀತಿರೋದು. ಸೋಂಕಿನ ಜ್ವರದಲ್ಲಿ ಮೆದುಳು ತಾನೇ ಬಿಸಿ ಏರಿಸ್ತದೆ, ಪ್ಯಾರಸಿಟಮಾಲ್ ಕೊಟ್ರೆ ಇಳೀತದೆ. ಎಂಡಿಎಂಎಯಲ್ಲಿ ಮೈಯ ಬಿಸಿ ಹದ್ದುಬಸ್ತಿನಲ್ಲಿಡೋ ವ್ಯವಸ್ಥೆಯೇ ತಪ್ಪಿ ಹೋಗ್ತದೆ. ಮೆದುಳಿನ ಕೋಶಗಳು ಸೆರೊಟೋನಿನ್ ಅನ್ನೋ ರಾಸಾಯನಿಕವನ್ನ ದಿನಾ ಹನಿ ಹನಿಯಾಗಿ ಬಿಡ್ತವಲ್ಲ, ಈ ಮಾತ್ರೆ ಅದನ್ನ ಒಂದೇ ಸಲ ಡ್ಯಾಮಿನ ಗೇಟ್ ತೆಗೆದ ಹಾಗೆ ಹೊರಗೆ ಸುರಿಸಿಬಿಡ್ತದೆ, ಜೊತೆಗೆ ಡೋಪಮಿನ್, ನಾರ್‌ಅಡ್ರಿನಲಿನ್. ಆ ಪ್ರೀತಿ, ಎಲ್ಲರೂ ನನ್ನವರು ಅನ್ನೋ ಭಾವ, ಹಾಡು ಮೈಯೊಳಗೇ ಬಾರಿಸಿದ ಹಾಗೆ ಆಗೋದು, ಎಲ್ಲ ಅದರಿಂದ. ಅದೇ ಹೊತ್ತಿಗೆ ಎದೆಬಡಿತ ಏರ್ತದೆ, ಬಿಪಿ ಏರ್ತದೆ, ಚರ್ಮದ ರಕ್ತನಾಳ ಬಿಗಿದು ಒಳಗಿನ ಬಿಸಿ ಹೊರಗೆ ಹೋಗೋ ದಾರಿ ಕಮ್ಮಿ ಆಗ್ತದೆ, ದಣಿವು ಗೊತ್ತಾಗಲ್ಲ, ಬಾಯಾರಿಕೆ ಗೊತ್ತಾಗಲ್ಲ, ನಮ್ಮ ಕರಾವಳಿಯ ಹ್ಯುಮಿಡಿಟಿಲಿ ಮೂರು ಗಂಟೆ ಕುಣೀತಾರೆ. ಮೈ ಬೆಂದು ಹೋಗ್ತದೆ, ಸುಮ್ನೆ ಹೇಳೋ ಮಾತಲ್ಲ ಇದು. ಸ್ನಾಯುಗಳು ಒಡೆದು ಅದರ ಕಸ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕೂತ್ಕೊಳ್ತದೆ, ಮೂತ್ರ ಚಹಾದ ಬಣ್ಣಕ್ಕೆ ಬರ್ತದೆ. ಈ ಹುಡುಗನಿಗೆ ಆಗಿದ್ದು ಅದು. ಮೂರು ವಾರ ಡಯಾಲಿಸಿಸ್. ಪ್ಯಾರಸಿಟಮಾಲ್ ಇಲ್ಲಿ ಕೆಲಸ ಮಾಡಲ್ಲ, ಲಿವರ್‌ಗೆ ಇನ್ನೊಂದು ಹೊರೆ ಅಷ್ಟೇ.

ನೀರಿನ ಕಥೆ ಇನ್ನೊಂದು. ನೀರು ಕುಡಿಸಿದ್ರೆ ಸರಿ ಆಗ್ತದೆ ಅನ್ನೋದು ಎಲ್ಲ ಪಾರ್ಟಿ ಹುಡುಗರ ಬಾಯಲ್ಲೂ ಇರೋ ಮಾತು. ಆದ್ರೆ ಈ ಡ್ರಗ್ ಮೂತ್ರ ತಡೆಯೋ ಹಾರ್ಮೋನನ್ನೂ ಜಾಸ್ತಿ ಮಾಡ್ತದೆ, ಕುಡಿದ ನೀರು ಹೊರಗೆ ಹೋಗಲ್ಲ, ರಕ್ತದ ಸೋಡಿಯಂ ತೆಳ್ಳಗಾಗ್ತದೆ, ಮೆದುಳು ಬಾತುಕೊಳ್ತದೆ, ಫಿಟ್ಸ್ ಬರ್ತದೆ. 1995ರಲ್ಲಿ ಇಂಗ್ಲೆಂಡಲ್ಲಿ ಒಬ್ಬಳು ಹುಡುಗಿ ತನ್ನ 18ನೇ ಹುಟ್ಟಿದ ಹಬ್ಬದ ಪಾರ್ಟಿಯಲ್ಲಿ ಒಂದು ಎಕ್ಸ್ಟಸಿ ಮಾತ್ರೆ ತಗೊಂಡು, ಒಂದೂವರೆ ಗಂಟೆಯಲ್ಲಿ ಸುಮಾರು ಏಳು ಲೀಟರ್ ನೀರು ಕುಡಿದು ತೀರಿಕೊಂಡಳು, ಆ ದೇಶಾನೇ ಬೆಚ್ಚಿ ಬಿದ್ದಿತ್ತು. ಅವಳನ್ನ ಕೊಂದಿದ್ದು ನೀರಿಂದ ಬಾತ ಮೆದುಳು. ನಮ್ಮ ಹುಡುಗನ ಸೋಡಿಯಂ ಕೂಡ ಇಳಿದಿತ್ತು. ಪ್ರೀತಿಯಿಂದ ಕುಡಿಸಿದ ನೀರು ಅದು.

ಅರ್ಧ ತಗೊಂಡು ಕಾದು ಇನ್ನೊಂದು ನುಂಗಿದ ಅಂದೆನಲ್ಲ, ಅಲ್ಲೇ ಬಹಳ ಜನ ಬೀಳೋದು. ಬಾಯಿಂದ ತಗೊಂಡ ಮಾತ್ರೆ ಏರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ, ಊಟ ಆಗಿದ್ರೆ ಇನ್ನೂ ನಿಧಾನ. ಪಿಎಂಎ ಅನ್ನೋ ಇನ್ನೊಂದು ವಸ್ತು ಇದೆ, ಎಕ್ಸ್ಟಸಿ ಹೆಸರಲ್ಲೇ ಮಾರಾಟ ಆಗ್ತದೆ, ಅದು ಏರೋದು ಇನ್ನೂ ನಿಧಾನ, ವಿಷ ಇನ್ನೂ ಜಾಸ್ತಿ. ಏನೂ ಆಗ್ಲಿಲ್ಲ ಅಂತ ಎರಡನೇದು ನುಂಗಿದವನಿಗೆ ಎರಡೂ ಒಟ್ಟಿಗೆ ಏರ್ತವೆ. ಹೆಸರಿನ ಗೋಜಲು ಬೇರೆ. ಮುಂಬೈ ಕಡೆ ಎಂಡಿ ಅಂದ್ರೆ ಹೆಚ್ಚಾಗಿ ಮೆಫೆಡ್ರೋನ್, ಎಂಡಿಎಂಎ ಅಲ್ಲ, ಎರಡೂ ಬೇರೆ ಬೇರೆ. ಮೆಫೆಡ್ರೋನ್ ಬೇಗ ಏರಿ ಬೇಗ ಇಳೀತದೆ, ಇಳಿದ ಕೂಡ್ಲೆ ಮತ್ತೆ ಬೇಕು ಅನ್ನಿಸ್ತದೆ, ರಾತ್ರಿ ಇಡೀ ಅದೇ ಆಗ್ತದೆ, ಎದೆ ಡವಡವ, ನಿದ್ದೆ ಇಲ್ಲ, ಯಾರೋ ಹಿಂದೆ ಬರ್ತಿದಾರೆ ಅನ್ನೋ ಭಯ. 2015ರ ತನಕ ಅದು ಡ್ರಗ್ಸ್ ತಡೆಯೋ ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೇ ಇರ್ಲಿಲ್ಲ. ಹುಡುಗ್ರು ಎಂಡಿ ತಗೊಂಡೆ ಅಂತಾರೆ, ಯಾವುದು ಅಂತ ಅವರಿಗೇ ಗೊತ್ತಿರಲ್ಲ, ಕೊಟ್ಟವನಿಗೂ ಗೊತ್ತಿರಲ್ಲ. ನಾನು ಮಾರೋ ಒಂದೊಂದು ಸ್ಟ್ರಿಪ್ ಮೇಲೂ ಬ್ಯಾಚ್ ನಂಬರ್, ಎಷ್ಟು ಮಿಲಿಗ್ರಾಂ, ಯಾವಾಗ ತಯಾರಾಗಿದ್ದು ಎಲ್ಲ ಇರ್ತದೆ, ಆದ್ರೂ ಹತ್ತು ಸಲ ನೋಡಿ ಕೊಡ್ತೀನಿ. ಜಿಪ್ ಕವರಿನ ಮಾತ್ರೆ ಮೇಲೆ ಇರೋದು ಒಂದು ಚಿತ್ರ ಅಷ್ಟೇ. ಅದನ್ನ ನುಂಗೋಕೆ ಇವರಿಗೆ ಧೈರ್ಯ ಹೇಗೆ ಬರ್ತದೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಡಿಪ್ರೆಶನ್ ಮಾತ್ರೆ ತಗೊಳ್ಳೋ ಮಕ್ಕಳು ಈಗ ಜಾಸ್ತಿ ಇದಾರೆ, ಅದು ತಪ್ಪಲ್ಲ, ಒಳ್ಳೇದೇ. ಆದ್ರೆ ಅವರಲ್ಲಿ ಯಾರಾದ್ರೂ ಓದ್ತಿದ್ರೆ ದಯವಿಟ್ಟು ಕೇಳಿ, ಆ ಮಾತ್ರೆ ಮೇಲೆ ಎಂಡಿಎಂಎ ಬಿದ್ರೆ ಸೆರೊಟೋನಿನ್ ವಿಪರೀತ ಏರಿ ಮೈ ನಡುಗಿ ಸೆಟೆದು ಜೀವಕ್ಕೇ ಬರಬಹುದು, ನೋವಿನ ಮಾತ್ರೆ ಟ್ರಮಡಾಲ್ ಜೊತೆಗೂ ಅಷ್ಟೇ.

ಉಳಿದವನ್ನ ಬೇಗ ಹೇಳಿಬಿಡ್ತೀನಿ. ಕೋಕೇನ್ ಜೊತೆ ಎಣ್ಣೆ ಹೊಡೆದ್ರೆ ಲಿವರ್‌ನಲ್ಲಿ ಎರಡೂ ಸೇರಿ ಕೋಕಾಎಥಿಲೀನ್ ಅಂತ ಮೂರನೇದೊಂದು ತಯಾರಾಗ್ತದೆ, ಅದು ಹೃದಯಕ್ಕೆ ಇನ್ನೂ ಕೆಟ್ಟದ್ದು, ಇಪ್ಪತ್ತೈದರ ಹುಡುಗನಿಗೂ ಹಾರ್ಟ್ ಅಟ್ಯಾಕ್ ಆಗೋದು ಹೀಗೆ. ಕೆಟಮಿನ್ ಮೂಲತಃ ಆಪರೇಷನ್‌ಗೆ ಮುಂಚೆ ಕೊಡೋ ಅರಿವಳಿಕೆ ಮದ್ದು, ದನ ನಾಯಿಗೂ ಕೊಡ್ತಾರೆ, ಅಭ್ಯಾಸ ಮಾಡ್ಕೊಂಡವರ ಮೂತ್ರಕೋಶ ಹುಣ್ಣಾಗಿ ಸುಕ್ಕಾಗಿ ಅರ್ಧ ಗಂಟೆಗೊಮ್ಮೆ ರಕ್ತ ಮೂತ್ರ ಹೋಗೋ ಸ್ಥಿತಿ ಬರ್ತದೆ. ಎಲ್‌ಎಸ್‌ಡಿ ಸ್ಟಾಂಪ್, ಅಂದ್ರೆ ಭ್ರಮೆ ಹುಟ್ಟಿಸೋ ಡ್ರಗ್ ಹೀರಿಸಿದ ಸಣ್ಣ ಕಾಗದ, ಹತ್ತು ಹನ್ನೆರಡು ಗಂಟೆ ಹಿಡೀತದೆ, ಹೆದ್ರಿಕೆ ಹತ್ತಿದ್ರೆ ನಡುವೆ ಇಳಿಯೋ ದಾರಿ ಇಲ್ಲ, ಅದರ ಹೆಸರಲ್ಲಿ ಎನ್‌ಬೋಮ್ ಅನ್ನೋ ಬೇರೆ ವಿಷದ ಸ್ಟಾಂಪ್ ತಗೊಂಡು ಸತ್ತವರಿದಾರೆ. ಆಲ್‌ಪ್ರಾಕ್ಸ್ ಮತ್ತು ಎಣ್ಣೆ ಒಟ್ಟಿಗೆ ಹೋದ್ರೆ ಉಸಿರಾಟಾನೇ ಮಂಕಾಗ್ತದೆ, ಅಂಗಾತ ಮಲಗಿದವನು ವಾಂತಿ ಮಾಡ್ಕೊಂಡು ಅದೇ ಗಂಟಲಿಗೆ ಸಿಕ್ಕಿ ಸಾಯ್ತಾನೆ, ಪಕ್ಕದಲ್ಲಿರೋರು ಗೊರಕೆ ಹೊಡೀತಿದಾನೆ, ಮಲಗ್ಲಿ ಬಿಡು ಅಂದ್ಕೊಳ್ತಾರೆ.

ಗಾಂಜಾ ಬಗ್ಗೆ ಮಾತ್ರ ಬೇಗ ಹೇಳೋಕೆ ಆಗಲ್ಲ, ಯಾಕಂದ್ರೆ ಅದು ನಮ್ಮೂರಲ್ಲಿ ಡ್ರಗ್ ಅಂತ ಲೆಕ್ಕಕ್ಕೇ ಬರಲ್ಲ. ಶಿವನ ಪ್ರಸಾದ ಅಂತಾರೆ, ಗೋಕರ್ಣ ಮಹಾಬಲೇಶ್ವರನ ಊರು ಬೇರೆ, ಬಾಬಾಗಳು ಚಿಲುಮೆ ಎಳೆಯೋದು ಚಿಕ್ಕಂದಿನಿಂದ ಎಲ್ಲರೂ ನೋಡಿದ್ದೇ. ಅದರಿಂದ ಒಂದೇ ರಾತ್ರಿಲಿ ಸಾಯೋರು ಅಪರೂಪ, ನಿಜ, ಸುಳ್ಳು ಹೇಳಿ ಹೆದರಿಸಿದ್ರೆ ಮಕ್ಕಳು ಮುಂದಿಂದು ಯಾವುದನ್ನೂ ನಂಬಲ್ಲ. ಆದ್ರೆ ಹದಿನೈದು ಹದಿನಾರಕ್ಕೆ ಶುರು ಮಾಡಿದ ಹುಡುಗರ ವಿಷಯ ಬೇರೆ. ಮೆದುಳಿನ ಮುಂಭಾಗ, ಅಂದ್ರೆ ತಡಿ, ಯೋಚ್ನೆ ಮಾಡು ಅಂತ ನಮಗೆ ಹೇಳೋ ಭಾಗ, ಅದು ಬೆಳೆದು ಮುಗಿಯೋದೇ ಇಪ್ಪತ್ತೈದರ ಹತ್ರ. ಅದಕ್ಕೆ ಮುಂಚೆ ದಿನಾ ಹೊಗೆ ಹೋದ್ರೆ, ಅದೂ ಈಗ ಬರ್ತಿರೋ ಹೈಡ್ರೋದಂಥ ಜೋರಿನ ಮಾಲು, ಮನೆತನದಲ್ಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇದ್ರಂತೂ, ಸೈಕೋಸಿಸ್, ಅಂದ್ರೆ ಇಲ್ಲದ್ದು ಕೇಳೋ ಕಾಣೋ ಕಾಯಿಲೆ, ಬರೋ ಅಪಾಯ ಜಾಸ್ತಿ. ನಮ್ಮ ಘಟ್ಟದ ಮೇಲೆ ಗುರುತಿನವರ ಮನೆಯಲ್ಲೇ ಒಬ್ಬ ಹುಡುಗ, ಹತ್ತೊಂಬತ್ತಕ್ಕೆ ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅನ್ನೋಕೆ ಶುರು ಮಾಡ್ದ. ಮನೆಯವರು ಜಾತಕ ತೋರಿಸಿದ್ರು, ದೇವರು ಬರೋರ ಹತ್ರ ಕೇಳಿಸಿದ್ರು, ಹರಕೆ ಹೊತ್ತರು, ಡಾಕ್ಟರ ಹತ್ರ ಹೋಗಿದ್ದು ಎರಡು ವರ್ಷ ಆದ್ಮೇಲೆ. ನಂಬಿಕೆ ಬಗ್ಗೆ ನಾನೇನೂ ಹೇಳಲ್ಲ, ಹರಕೆ ಹೊತ್ಕೊಳ್ಳಿ, ಆದ್ರೆ ಅದೇ ವಾರ ಮಾನಸಿಕ ಡಾಕ್ಟರನ್ನೂ ನೋಡಿ. ಮೊದಲ ತಿಂಗಳುಗಳಲ್ಲಿ ಮದ್ದು ಶುರುವಾದ್ರೆ ಹಿಡಿತಕ್ಕೆ ಬರೋದು ಎಷ್ಟೋ ಸುಲಭ.

ಟೂರಿಸ್ಟರ ತಲೆನೋವು ನಮಗ್ಯಾಕೆ ಅಂತ ಇಲ್ಲಿ ಬಹಳ ಜನ ಕೇಳ್ತಾರೆ. ಸೀಸನ್ನಲ್ಲಿ ರೂಮು ತೋರಿಸೋರು, ಸ್ಕೂಟಿ ಬಾಡಿಗೆ ಕೊಡೋರು, ಶ್ಯಾಕಲ್ಲಿ ಪ್ಲೇಟ್ ಎತ್ತೋರು ಎಲ್ಲ ನಮ್ಮ ಹುಡುಗ್ರೇ ಅಲ್ವಾ, ಪಿಯುಸಿ ಮುಗಿಸಿ ನಾಲ್ಕು ಕಾಸು ಮಾಡ್ಕೊಳ್ಳೋಕೆ ಬಂದವರು. ಸ್ವಲ್ಪ ಸ್ಟಫ್ ಸಿಗ್ತದಾ ಅಂತ ಗೆಸ್ಟ್ ಕೇಳ್ತಾನೆ, ತಂದು ಕೊಟ್ರೆ ಸಾವಿರ ರೂಪಾಯಿ. ಇಂವ ತರ್ತಾನೆ, ಅಲ್ಲಿಗೆ ಇಂವ ಸೇದಿದವನಲ್ಲ, ಸಪ್ಲೈ ಮಾಡಿದವನು. ಎನ್‌ಡಿಪಿಎಸ್ ಕಾಯ್ದೆ 1985ರದ್ದು, ಅದ್ರಲ್ಲಿ ಬರೀ ಸೇವನೆಗೆ ವಸ್ತು ಯಾವುದು ಅನ್ನೋದ್ರ ಮೇಲೆ ಆರು ತಿಂಗಳು ಇಲ್ಲಾ ಒಂದು ವರ್ಷದ ತನಕ ಜೈಲು ಇಲ್ಲಾ ದಂಡ ಇಲ್ಲಾ ಎರಡೂ. ಆದ್ರೆ ಎಂಡಿಎಂಎ 10 ಗ್ರಾಂಗಿಂತ ಜಾಸ್ತಿ ಸಿಕ್ರೆ ಅದು ಕಮರ್ಷಿಯಲ್ ಪ್ರಮಾಣ, ಕಮ್ಮಿ ಅಂದ್ರೆ ಹತ್ತು ವರ್ಷ, ಬೇಲ್ ಸಿಗೋದೇ ಕಷ್ಟ. ಎಲ್‌ಎಸ್‌ಡಿಗೆ ಅದು 0.1 ಗ್ರಾಂ. ಕಾಲೇಜ್ ಹುಡುಗ್ರು ಎಲ್ಲರ ದುಡ್ಡು ಒಟ್ಟು ಮಾಡಿ ಒಬ್ಬನ ಬ್ಯಾಗಲ್ಲಿ ಇಟ್ಟು ಗೋವಾದಿಂದ ಮಾಜಾಳಿ ಚೆಕ್‌ಪೋಸ್ಟ್ ದಾಟಿಸ್ತಾರಲ್ಲ, ಆ ಒಬ್ಬನ ಹೆಸರಲ್ಲೇ ಇಡೀ ತೂಕ ಬೀಳ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಲೆಕ್ಕಕ್ಕೆ ತಗೋಬೇಕು, ಇದನ್ನ ಬೆಂಗಳೂರಿನ ಹುಡುಗರಿಗೆ ಹೇಳಿದ್ರೆ ನಂಬೋದೇ ಇಲ್ಲ. ಬೆಂಗಳೂರಲ್ಲಿ ಏನಾದ್ರೂ ಆದ್ರೆ ಇಪ್ಪತ್ತು ನಿಮಿಷದಲ್ಲಿ ಒಂದು ಐಸಿಯು ಸಿಗ್ತದೆ. ಉತ್ತರ ಕನ್ನಡದವರು ತಲೆ ಪೆಟ್ಟಾದ್ರೂ ಹಾರ್ಟ್ ಅಟ್ಯಾಕ್ ಆದ್ರೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ ಅಂತ ಓಡೋರು. 2022ರಲ್ಲಿ ಆಸ್ಪತ್ರೆ ಕೊಡಿ ಇಲ್ಲಾಂದ್ರೆ ವೋಟಿಲ್ಲ ಅಂತ ಜಿಲ್ಲೆ ಇಡೀ ಕೂಗಿದ್ದು ಇದೇ ಕಾರಣಕ್ಕೆ, ನಾನೂ ಕೂಗಿದ್ದೆ. ಮಳೆಗಾಲದಲ್ಲಂತೂ ಕೇಳೋದೇ ಬೇಡ, 2024ರ ಜುಲೈಯಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬಂದ್ ಆದಾಗ ಎಷ್ಟು ಪೇಷೆಂಟ್‌ಗಳ ಮನೆಯವರು ನಮ್ಮ ಅಂಗಡಿ ಮುಂದೆ ಯಾವ ದಾರಿ ಅಂತ ಕೇಳ್ತಾ ನಿಂತಿದ್ರು. ಹಂಗಿರೋವಾಗ ರಸ್ತೆ ಇಲ್ಲದ ಬೀಚಲ್ಲಿ, ನಡುರಾತ್ರಿ, ಮೈ ಬೆಂದು ಬಿದ್ದವನಿಗೆ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಸಮುದ್ರ ಬೇರೆ ಪಕ್ಕದಲ್ಲೇ. ಸೆಕೆ ಆಗ್ತದೆ ಅಂತ ನೀರಿಗೆ ಇಳೀತಾರೆ, ಅಲ್ಲಿಯ ಸೆಳೆತ ಹುಷಾರಿರೋ ಹಗಲಿನ ಈಜುಗಾರನನ್ನೇ ಎಳೀತದೆ, ರಾತ್ರಿ ಲೈಫ್‌ಗಾರ್ಡ್ ಇರಲ್ಲ.

ಆ ನೂರು ನಿಮಿಷ ನನ್ನ ತಲೆಯಿಂದ ಹೋಗಲ್ಲ. ಒಂದು ಗಂಟೆಗೆ ಫೋನ್ ಮಾಡಿದ್ರೆ ಕಿಡ್ನಿಗೆ ಇಷ್ಟು ಆಗ್ತಿರ್ಲಿಲ್ಲವೇನೋ ಅಂತ ಡಾಕ್ಟರು ಹೇಳಿದಾಗ ನನ್ನ ತಮ್ಮ ಕಾರಿಡಾರಿನಲ್ಲಿ ಕುಸಿದು ಕೂತ. ಯಾಕೋ ಮಾಡ್ಲಿಲ್ಲ ಅಂತ ಕೇಳ್ದೆ. "ನೀನೇ ಹೇಳಿದ್ಯಲೆ ಅಕ್ಕಾ, ಆಯಿ ಹತ್ರ ಹೇಳ್ತಿ ಹೇಳಿ" ಅಂದ. ಅಂವ ತಪ್ಪು ಹೊರಿಸೋಕೆ ಅಂದಿದ್ದಲ್ಲ, ಕೇಳಿದ್ದಕ್ಕೆ ಇದ್ದಿದ್ದು ಹೇಳ್ದ ಅಷ್ಟೇ. ನನ್ನ ಹೆದರಿಸುವಿಕೆ ಕೆಲಸ ಮಾಡಿತ್ತು. ಮಾತ್ರೆ ತಗೊಳ್ಳೋದನ್ನ ಅದು ತಡೀಲಿಲ್ಲ, ಸಹಾಯ ಕೇಳೋದನ್ನ ತಡೀತು.

ಪೊಲೀಸ್ ವಿಷಯಾನೂ ಮುಚ್ಚಿಡಲ್ಲ. ಆಸ್ಪತ್ರೆಯವರು ಮೆಡಿಕೋ ಲೀಗಲ್ ಕೇಸ್ ಅಂತ ಬರ್ಕೊಂಡ್ರು, ಪೊಲೀಸ್ರು ಬಂದ್ರು, ಹೇಳಿಕೆ ತಗೊಂಡ್ರು, ಎರಡು ಸಲ ಸ್ಟೇಷನ್‌ಗೆ ಓಡಾಡಿದ್ದಾಯ್ತು, ಚಿಕ್ಕಪ್ಪ ವಕೀಲರ ಹತ್ರ ಹೋದ್ರು. ಕಷ್ಟ ಆಯ್ತು, ಅವಮಾನ ಆಯ್ತು. ಆದ್ರೆ ಸ್ಟೇಷನ್‌ಗೆ ಹೋದವರು ಸಂಜೆ ಮನೆಗೆ ಬಂದ್ರು. ಬೆಡ್‌ಶೀಟಲ್ಲಿ ಜೋಲಿ ಆಗಿ ಹೋದವನು ಬರ್ತಾನೋ ಇಲ್ವೋ ಅಂತ ಹನ್ನೊಂದು ದಿನ ಯಾರಿಗೂ ಗೊತ್ತಿರ್ಲಿಲ್ಲ. ಚಟ ಹತ್ತಿದವರು ತಾವಾಗೇ ಚಿಕಿತ್ಸೆಗೆ ಬಂದ್ರೆ ಸೇವನೆ, ಸಣ್ಣ ಪ್ರಮಾಣದ ಕೇಸಿಂದ ರಕ್ಷಣೆ ಕೊಡೋ 64ಎ ಅನ್ನೋ ಸೆಕ್ಷನ್ನೂ ಅದೇ ಕಾಯ್ದೆಯಲ್ಲಿದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ನಶಾಮುಕ್ತಿ ಸಹಾಯವಾಣಿ 14446. ಮನಸ್ಸಿಗೆ ಸಂಬಂಧಪಟ್ಟದ್ದಾದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಬೆಂಗಳೂರಲ್ಲಿದ್ರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಅಂತಾನೇ ಒಂದು ವಿಭಾಗ ಇದೆ.

ಈಗ ಕೌಂಟರಲ್ಲಿ ಆ ಮೂರು ಸಾಮಾನು ಒಟ್ಟಿಗೆ ಕೇಳೋ ಹುಡುಗ ಬಂದ್ರೆ ನಾನು ಬೈಯಲ್ಲ. ತಗೊಳ್ಳಬೇಡ ಅಂತ ಒಂದ್ಸಲ ಹೇಳ್ತೀನಿ, ನನ್ನ ತಮ್ಮನ ಫ್ರೆಂಡಿಗೆ ಹೀಗಾಯ್ತು ಅಂತ ಎರಡು ನಿಮಿಷದಲ್ಲಿ ಹೇಳ್ತೀನಿ, ಕೆಲವರು ಮೊಬೈಲ್ ನೋಡ್ತಾ ಹೂಂ ಹೂಂ ಅಂತಾರೆ, ಕೆಲವರು ಕೇಳಿಸ್ಕೊಳ್ತಾರೆ. ಒಆರ್‌ಎಸ್ ಕವರಿನ ಮೇಲೆ ಪೆನ್ನಲ್ಲಿ 108 ಬರ್ದು, ಮೈ ಸುಡ್ತಾ ಇದ್ರೆ, ಮಾತು ತೊದಲಿದ್ರೆ, ಫಿಟ್ಸ್ ಬಂದ್ರೆ, ಎಬ್ಬಿಸಿದ್ರೆ ಏಳದಿದ್ರೆ ಕಾಯಬೇಡಿ ಅಂತ ಹೇಳಿ ಕೊಡ್ತೀನಿ. ಫಿಟ್ಸ್ ಬಂದವನ ಬಾಯಿಗೆ ಚಮಚ ಕೀಲಿ ಏನೂ ತುರುಕಬೇಡಿ, ಒಬ್ಬನೇ ಬಿಟ್ಟು ಹೋಗ್ಬೇಡಿ, ಏನು ತಗೊಂಡ ಅಂತ ಡಾಕ್ಟರ್ ಹತ್ರ ಸುಳ್ಳು ಹೇಳ್ಬೇಡಿ, ಉಳಿದ ಮಾತ್ರೆ ಇದ್ರೆ ಜೊತೆಗೇ ತನ್ನಿ. ಹೀಗೆ ಹೇಳಿದ್ರೆ ತಗೊಳ್ಳೋಕೆ ನೀನೇ ಒಪ್ಪಿಗೆ ಕೊಟ್ಟ ಹಾಗಾಗ್ತದೆ ಅಂತ ಅಣ್ಣ ವಾದ ಮಾಡ್ತಾನೆ. ಆ ರಾತ್ರಿ ಆಂಬುಲೆನ್ಸ್ ಹಿಂದೆ ಗಾಡಿ ಓಡಿಸಿದವನು ಅವನೇ, ಆದ್ರೂ ನಮ್ಮಿಬ್ಬರಿಗೆ ಈ ವಿಷಯದಲ್ಲಿ ಒಮ್ಮತ ಆಗಿಲ್ಲ. ನಂಗೆ ಮಾತ್ರ ಅನುಮಾನ ಇಲ್ಲ. ಅಂಗಡಿಗೆ ಬರೋ ಹೊತ್ತಿಗೆ ಸ್ಟಫ್ ಅವರ ಬ್ಯಾಗಲ್ಲಿ ಆಗ್ಲೇ ಇರ್ತದೆ.

ಆ ಹುಡುಗನಿಗೆ ಕಾಲೇಜಲ್ಲಿ ಒಂದು ವರ್ಷ ಹೋಯ್ತು. ಡಯಾಲಿಸಿಸ್ ನಿಂತಿದೆ, ಕಿಡ್ನಿ ಮುಕ್ಕಾಲು ಪಾಲು ಚೇತರಿಸಿದೆ, ಆರು ತಿಂಗಳಿಗೊಮ್ಮೆ ಚೆಕಪ್. ನನ್ನ ತಮ್ಮನಿಗೆ ಮೈಗೆ ಏನೂ ಆಗಿರ್ಲಿಲ್ಲ, ಆದ್ರೆ ಸುಮಾರು ದಿನ ನಿದ್ದೆ ಇರ್ಲಿಲ್ಲ, ಅವನೂ ಆ ರಾತ್ರಿ ಅರ್ಧ ತಗೊಂಡಿದ್ದ. ಸೆರೊಟೋನಿನ್ ಖಾಲಿಯಾಗಿ ಎರಡು ಮೂರು ದಿನಕ್ಕೆ ಬರೋ ಕುಸಿತ ಒಂದು, ಅದು ಒಂದು ವಾರದಲ್ಲಿ ಹೋಗ್ತದೆ, ಅವನದ್ದು ಅಷ್ಟೇ ಆಗಿರ್ಲಿಲ್ಲ. ಕೌನ್ಸೆಲಿಂಗ್‌ಗೆ ಹೋದ, ಈಗಲೂ ಹೋಗ್ತಾನೆ.

ಚಿಕ್ಕಮ್ಮನಿಗೆ ಹೇಳಿದ್ದು ಅವನೇ. ಹನ್ನೆರಡನೇ ದಿನ, ಹುಡುಗ ಕಣ್ಣು ಬಿಟ್ಟು ಗುರುತು ಹಿಡಿದ ಮೇಲೆ, ಶಿರಸಿಗೆ ಹೋಗಿ ಅಡಿಗೆಮನೆಯಲ್ಲಿ ಕೂತು ಎಲ್ಲ ಹೇಳಿದನಂತೆ. ನಾವೆಲ್ಲ ಏನಾಗ್ತದೋ ಅಂತ ಉಸಿರು ಹಿಡ್ಕೊಂಡಿದ್ವಿ. ಚಿಕ್ಕಮ್ಮ ಸುಮಾರು ಹೊತ್ತು ಮಾತಾಡ್ಲಿಲ್ಲವಂತೆ, ಆಮೇಲೆ ಆ ಹುಡುಗನ ಅಮ್ಮನ ನಂಬರ್ ಕೇಳಿ ತಗೊಂಡು ಅಂಗಳಕ್ಕೆ ಹೋಗಿ ಫೋನ್ ಮಾಡಿದ್ರಂತೆ.

ಮೊನ್ನೆ ತಮ್ಮ ಬೆಂಗಳೂರಿಗೆ ವಾಪಸ್ ಹೋಗೋವಾಗ ನಾನೂ ಶಿರಸಿಯಲ್ಲಿದ್ದೆ. ಜಗಲಿ ಮೇಲೆ ಎರಡು ಚಿಪ್ಸ್ ಡಬ್ಬ ಕೂತಿದ್ವು, ಒಂದು ದೊಡ್ಡದು, ಒಂದು ಸಣ್ಣದು, ಸಣ್ಣದಕ್ಕೆ ಕೆಂಪು ದಾರ ಕಟ್ಟಿತ್ತು. ತಮ್ಮ ಎರಡನ್ನೂ ಒಂದೇ ಬ್ಯಾಗಿಗೆ ಹಾಕೋಕೆ ಹೋದ, ಒಳಗಿಂದ ಚಿಕ್ಕಮ್ಮನ ದನಿ ಬಂತು, "ಕೆಂಪು ದಾರದ್ದು ಆ ಮಾಣಿಗೆ, ಉಪ್ಪು ಹಾಕಿದ್ನಿಲ್ಲೆ, ಬೆರೆಸಡ."